ಬಾಗಿಲ ಮೇಲಿನ ಅಪರಿಚಿತ ಅಂಕಿಗಳು: ಸಾಹಸ ಆಟಗಳ ಸಂಖ್ಯಾ ಒಗಟುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದ ಸುಭಾಷ್ ನಗರದ ನಮ್ಮ ಮನೆಗೆ ಭಾನುವಾರ ಮಧ್ಯಾಹ್ನ ಎಂಟು ಹತ್ತು ಮಕ್ಕಳು ಬರುತ್ತಾರೆ. ವಾರವಿಡೀ ನಾನು ಅವರಿಗೆ ಗಣಿತ ಹೇಳಿಕೊಡುವವಳು. ಭಾನುವಾರ ಪಠ್ಯಪುಸ್ತಕ ಮುಚ್ಚಿಟ್ಟು, ಒಂದೇ ಕಂಪ್ಯೂಟರಿನ ಮುಂದೆ ಎಲ್ಲರೂ ಕುಳಿತು ಸಾಹಸ ಆಟ ಆಡುತ್ತೇವೆ. ಮೈಸೂರಿನಿಂದ ಇಬ್ಬರು ಕಾಲೇಜು ವಿದ್ಯಾರ್ಥಿನಿಯರೂ ರೈಲಿನಲ್ಲಿ ಬಂದು ಸೇರಿಕೊಳ್ಳುತ್ತಾರೆ. ಈ ಆಟಗಳಲ್ಲಿ ಒಂದಲ್ಲ ಒಂದು ಕಡೆ ಬಾಗಿಲೊಂದು ಅಡ್ಡ ಬರುತ್ತದೆ. ಅದರ ಮೇಲೆ ನಮಗೆ ಪರಿಚಯವಿಲ್ಲದ ಅಂಕಿಗಳಿರುತ್ತವೆ. ಅಲ್ಲಿಗೆ ಬಂದಾಗ ಮಕ್ಕಳು ಕೇಳಿದ, ಆಮೇಲೆ ಅವರ ತಂದೆತಾಯಿಯರೂ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ.

ಸಂಖ್ಯಾ ಪದ್ಧತಿಯ ಒಗಟು ಎಂದರೆ ಏನು?

ನಾವು ಬರೆಯುವ ಸಂಖ್ಯೆಯಲ್ಲಿ ಬಿಡಿ, ಹತ್ತು, ನೂರು ಎಂಬ ಸ್ಥಾನಗಳಿವೆ. ಒಂದೊಂದು ಸ್ಥಾನ ಎಡಕ್ಕೆ ಸರಿದಾಗಲೂ ಬೆಲೆ ಹತ್ತು ಪಟ್ಟಾಗುತ್ತದೆ. ಅದಕ್ಕೇ ಇದು ದಶಮಾನ ಪದ್ಧತಿ. ಹತ್ತರ ಬದಲು ಐದು ಪಟ್ಟು, ಹನ್ನೆರಡು ಪಟ್ಟು, ಇಪ್ಪತ್ತೈದು ಪಟ್ಟು ಆಗುವಂತೆಯೂ ಬರೆಯಬಹುದು. ಆಗ ಐದು, ಹನ್ನೆರಡು, ಇಪ್ಪತ್ತೈದು ಆ ಪದ್ಧತಿಯ ಆಧಾರ ಎನಿಸಿಕೊಳ್ಳುತ್ತದೆ. ಆಟದೊಳಗಿನ ಜನ ಬೇರೆ ಆಧಾರದಲ್ಲಿ ಎಣಿಸುತ್ತಾರೆ, ಬೀಗದ ಸಂಕೇತವನ್ನು ಆ ಅಂಕಿಗಳಲ್ಲೇ ಬರೆದಿಟ್ಟಿರುತ್ತಾರೆ. ಅವರ ಎಣಿಕೆಯನ್ನು ನಾವು ಕಲಿತರೆ ಬಾಗಿಲು ತೆರೆಯುತ್ತದೆ.

ಹತ್ತು ಇರುವಾಗ ಬೇರೆ ಆಧಾರ ಯಾರಿಗೆ ಬೇಕು? ಮಕ್ಕಳಿಗೆ ಇದು ಕಷ್ಟವಲ್ಲವೇ?

ಕಷ್ಟವಲ್ಲ. ನಮ್ಮ ಮಾತಿನಲ್ಲೇ ಅದು ಬದುಕಿದೆ. ಇಪ್ಪತ್ತೈದು ಪೈಸೆಗೆ ನಾಲ್ಕಾಣೆ ಎಂದೂ ಐವತ್ತು ಪೈಸೆಗೆ ಎಂಟಾಣೆ ಎಂದೂ ನಮ್ಮ ಮನೆಗಳ ಹಿರಿಯರು ಇಂದಿಗೂ ಹೇಳುತ್ತಾರೆ. 1957ರ ಏಪ್ರಿಲ್ 1ರಂದು ನೂರು ಪೈಸೆಯ ಲೆಕ್ಕ ಬರುವವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಅಂದರೆ ಒಂದೇ ಲೆಕ್ಕದೊಳಗೆ ಎರಡು ಆಧಾರಗಳು. ಪೂರ್ತಿ ನಿಜವಾದುದನ್ನು ‘ಹದಿನಾರಾಣೆ ಸತ್ಯ’ ಎನ್ನುವಾಗ ನಾವು ಹದಿನಾರರ ಆಧಾರದಲ್ಲಿ ನಿಂತು ಮಾತನಾಡುತ್ತಿರುತ್ತೇವೆ. ಬಾಳೆಹಣ್ಣಿಗೆ ಡಜನ್ ಇದೆ, ಗಂಟೆಗೆ ಅರವತ್ತು ನಿಮಿಷವಿದೆ. ನನ್ನ ಅಜ್ಜಿ ಹೆಬ್ಬೆರಳಿನಿಂದ ಉಳಿದ ನಾಲ್ಕು ಬೆರಳುಗಳ ಗೆಣ್ಣುಗಳನ್ನು ಮುಟ್ಟುತ್ತ ಹನ್ನೆರಡರವರೆಗೆ ಎಣಿಸುತ್ತಿದ್ದರು. ಒಂದು ಸುತ್ತು ಮುಗಿದಾಗ ಇನ್ನೊಂದು ಕೈಯ ಒಂದು ಬೆರಳನ್ನು ಮಡಿಸುತ್ತಿದ್ದರು. ಐದೂ ಬೆರಳು ಮಡಿಚಿದಾಗ ಅರವತ್ತು. ಇದನ್ನು ಕೈಯಲ್ಲಿ ಒಮ್ಮೆ ಮಾಡಿದ ಮಗು ಹನ್ನೆರಡರ ಆಧಾರಕ್ಕೆ ಹೆದರುವುದಿಲ್ಲ.

ಬಾಗಿಲ ಮೇಲಿನ ಅಂಕಿಗಳು ಯಾವ ಆಧಾರದವು ಎಂದು ತಿಳಿಯುವುದು ಹೇಗೆ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಬಹಳ ಮಂದಿ ಇದನ್ನು ಕೇಳಿಕೊಳ್ಳದೆಯೇ ಲೆಕ್ಕಕ್ಕೆ ಇಳಿದುಬಿಡುತ್ತಾರೆ. ಅಂಕಿ ಎಷ್ಟು ಎನ್ನುವುದಕ್ಕಿಂತ ಮೊದಲು ಎಣಿಕೆ ಎಲ್ಲಿ ಹೊರಳುತ್ತದೆ ಎಂದು ಹುಡುಕಿ. ಹಳೆಯ ಸ್ಕೂಟರಿನ ಕಿಲೋಮೀಟರ್ ಮಾಪಕದಲ್ಲಿ 9 ಮುಗಿದು 0 ಬರುವಾಗ ಪಕ್ಕದ ಚಕ್ರ ಒಂದು ಹಲ್ಲು ಸರಿಯುತ್ತದಲ್ಲ, ಆ ಜಾಗ. ಅಲ್ಲಿ ಆಧಾರ ತನ್ನನ್ನು ತಾನೇ ತೋರಿಸಿಕೊಡುತ್ತದೆ.

ಹೊರಳುವ ಜಾಗವನ್ನು ಆಟದೊಳಗೆ ಹಲವು ಕಡೆ ಕಾಣಬಹುದು. ಪುಸ್ತಕವೊಂದು ಸಿಕ್ಕರೆ ಪುಟಸಂಖ್ಯೆಗಳನ್ನು ಸಾಲಾಗಿ ನೋಡಿ. ಒಂಟಿ ಚಿಹ್ನೆ ಯಾವ ಪುಟದಿಂದ ಜೋಡಿ ಚಿಹ್ನೆಯಾಯಿತು? ಲಿಫ್ಟ್ ಇದ್ದರೆ ಮಹಡಿಗಳ ಗುರುತು ನೋಡಿ. ತಿರುಗಿಸುವ ಬಿಲ್ಲೆ ಇದ್ದರೆ ಒಂದು ಪೂರ್ತಿ ಸುತ್ತಿನಲ್ಲಿ ಎಷ್ಟು ಬೇರೆ ಬೇರೆ ಚಿಹ್ನೆ ಬಂದವು ಎಂದು ಎಣಿಸಿ, ಬಹುಪಾಲು ಅದೇ ಆಧಾರ. ಗೋಡೆಯ ಚಿತ್ರದಲ್ಲಿರುವ ಜೀವಿಗಳ ಕೈಗೆ ಎಷ್ಟು ಬೆರಳಿವೆ ಎನ್ನುವುದನ್ನೂ ಬಿಡಬೇಡಿ. ಒಂದೊಂದು ಕೈಗೆ ಮೂರು ಬೆರಳಿರುವವರು ಆರರಲ್ಲಿ ಎಣಿಸುವುದು ಸಹಜ. ಆಟ ಕಟ್ಟುವವರು ಇಂಥ ಸುಳಿವನ್ನು ಮನಸ್ಸಿಟ್ಟು ಇಟ್ಟಿರುತ್ತಾರೆ.

ಕೆಲವು ಸಲ ಒಂದು ಕೂಡುವ ಲೆಕ್ಕ ಮಾತ್ರ ಸಿಗುತ್ತದೆ. ಗೋಡೆಯ ಮೇಲೆ 24 + 13 = 41 ಎಂದು ಇದೆ ಎಂದುಕೊಳ್ಳಿ. ತಪ್ಪು ಲೆಕ್ಕ ಎಂದು ಮುಂದೆ ಹೋಗಬೇಡಿ. ಬಿಡಿ ಸ್ಥಾನದಲ್ಲಿ 4 ಮತ್ತು 3 ಸೇರಿ ಏಳಾಗಬೇಕು, ಅಲ್ಲಿ 1 ಬರೆದಿದ್ದಾರೆ. ಏಳರಲ್ಲಿ ಒಂದು ಉಳಿದು ಬಾಕಿ ಆರು ಪಕ್ಕದ ಸ್ಥಾನಕ್ಕೆ ದಶಕವಾಗಿ ಹೋಯಿತು. ಆದ್ದರಿಂದ ಆಧಾರ ಆರು. ತಾಳೆ ನೋಡೋಣ: ಆರರ ಆಧಾರದಲ್ಲಿ 24 ಎಂದರೆ ನಮ್ಮ ಹದಿನಾರು, 13 ಎಂದರೆ ಒಂಬತ್ತು, 41 ಎಂದರೆ ಇಪ್ಪತ್ತೈದು. ಹದಿನಾರೂ ಒಂಬತ್ತೂ ಇಪ್ಪತ್ತೈದು. ಶಾಲೆಯಲ್ಲಿ ನಾವು ಅದಕ್ಕೆ ದಶಕ ಎಂದೇ ಹೆಸರಿಟ್ಟಿದ್ದೇವೆ. ಇಲ್ಲಿ ದಶಕದೊಳಗೆ ಆರೇ ಇರುತ್ತದೆ ಎಂದಾಗ ಮಕ್ಕಳ ಕಣ್ಣು ಅರಳುವುದನ್ನು ನೋಡಬೇಕು.

ಕೊನೆಗೆ ಒಂದು ಎಚ್ಚರಿಕೆ. ಕಂಡ ಅಂಕಿಗಳಲ್ಲಿ ಅತಿ ದೊಡ್ಡದು 4 ಎಂದ ಮಾತ್ರಕ್ಕೆ ಆಧಾರ ಐದು ಎಂದು ತೀರ್ಮಾನಿಸಬಾರದು. ಐದಕ್ಕಿಂತ ಕಡಿಮೆಯಲ್ಲ ಎಂದಷ್ಟೇ ಅದು ಹೇಳುತ್ತದೆ. 5, 6 ಇನ್ನೂ ನಿಮ್ಮ ಕಣ್ಣಿಗೆ ಬೀಳದಿರಬಹುದು.

ಇಂಥ ಒಗಟಿಗೆ ಒಳ್ಳೆಯ ಉದಾಹರಣೆಯಾಗುವ ಆಟ ಯಾವುದು?

ನನ್ನ ಮಟ್ಟಿಗೆ ಸಯಾನ್ ಸಂಸ್ಥೆಯವರು 1997ರಲ್ಲಿ ಹೊರತಂದ ರಿವೆನ್. ಐದು ಸಿಡಿಗಳಲ್ಲಿ ಬಂದಿದ್ದ ಆಟ ಅದು. 2024ರಲ್ಲಿ ಅದನ್ನು ಹೊಸದಾಗಿ ಕಟ್ಟಿದ್ದಾರೆ, ಆಗ ಒಗಟುಗಳನ್ನೂ ಬದಲಿಸಿದ್ದಾರೆ. ಇಲ್ಲಿ ನಾನು ಹೇಳುವುದೆಲ್ಲ 1997ರದ್ದರ ಬಗ್ಗೆ. ಆಡಿಲ್ಲದವರು ಈ ಉತ್ತರವನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ಸ್ವತಃ ಕಂಡುಕೊಳ್ಳುವ ಸಂತೋಷವನ್ನು ನಿಮ್ಮಿಂದ ಕಸಿಯಲು ನನಗೆ ಮನಸ್ಸಿಲ್ಲ.

ಅದರಲ್ಲಿ ಹಳ್ಳಿಯ ಶಾಲಾಕೊಠಡಿಯೊಂದಿದೆ. ಒಂದು ಆಟಿಕೆಯಲ್ಲಿ ಚಿಹ್ನೆಯೊಂದು ಮೂಡುತ್ತದೆ, ದಾರಕ್ಕೆ ಕಟ್ಟಿದ ಬೊಂಬೆ ಅಷ್ಟು ಹಲ್ಲು ಕೆಳಗಿಳಿಯುತ್ತದೆ. ಕಿವಿಯಿಟ್ಟು ಎಣಿಸಿದರೆ ಒಂದರಿಂದ ಹತ್ತರವರೆಗೆ ಕಲಿಯಬಹುದು. ಶಾಲೆ ಅಲ್ಲಿಗೆ ನಿಲ್ಲುತ್ತದೆ, ಬಾಗಿಲು ಮಾತ್ರ ಇಪ್ಪತ್ತೈದರವರೆಗೆ ಕೇಳುತ್ತದೆ. ಉಳಿದದ್ದನ್ನು ಊಹಿಸಲು ಅಂಕಿಗಳ ರಚನೆಯೇ ದಾರಿ. ಚೌಕದೊಳಗೆ ನಿಂತ ಗೆರೆ ಒಂದು. ಅದೇ ಗೆರೆಯನ್ನು ಕಾಲು ಸುತ್ತು ತಿರುಗಿಸಿ ಮಲಗಿಸಿದರೆ ಐದು. ನಿಂತ ಗೆರೆ, ಮಲಗಿದ ಗೆರೆ ಎರಡೂ ಸೇರಿ ಕೂಡುಚಿಹ್ನೆಯಂತಾದರೆ ಆರು. ಬಾಗಿದ ಗೆರೆ ಎರಡು; ಅದನ್ನು ತಿರುಗಿಸಿದರೆ ಹತ್ತು. ಹಾಗಾದರೆ ಮೂರರ ಚಿಹ್ನೆಯನ್ನು ತಿರುಗಿಸಿದರೆ? ನಮ್ಮ ಮನೆಯಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ‘ಮೇಡಂ, ಹದಿನೈದು!’ ಎಂದ ದನಿ ಇನ್ನೂ ನನ್ನ ಕಿವಿಯಲ್ಲಿದೆ. ತಿರುಗಿಸುವುದೆಂದರೆ ಐದರಿಂದ ಗುಣಿಸುವುದು ಎಂದು ಅವಳು ಯಾರ ಸಹಾಯವೂ ಇಲ್ಲದೆ ಕಂಡುಕೊಂಡಳು.

ಈ ಬೀಗದಲ್ಲಿ ಇಪ್ಪತ್ತೈದು ಗುರುತುಗಳ ಸಾಲಿನ ಮೇಲೆ ಐದು ಗುಂಡಿಗಳನ್ನು ಸರಿಯಾದ ಜಾಗಕ್ಕೆ ಸರಿಸಬೇಕು. ಒಟ್ಟು 53,130 ಬಗೆಯಲ್ಲಿ ಸರಿಸಬಹುದು. ಜೊತೆಗೆ ಸಂಕೇತ ಒಂದೊಂದು ಹೊಸ ಆಟಕ್ಕೂ ಬದಲಾಗುತ್ತದೆ. ಅಣ್ಣನ ಆಟದ ಉತ್ತರ ತಂಗಿಗೆ ಉಪಯೋಗಕ್ಕೆ ಬರುವುದಿಲ್ಲ. ಅಂಕಿಗಳನ್ನು ಓದಲು ಕಲಿಯುವುದೊಂದೇ ದಾರಿ. ಒಗಟು ಕಟ್ಟುವವರ ಈ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ.

ನಮ್ಮ ಸಂಖ್ಯೆಯನ್ನು ಇನ್ನೊಂದು ಆಧಾರಕ್ಕೆ ಬದಲಿಸುವುದು ಹೇಗೆ?

ಬೆಲ್ಲದ ಅಚ್ಚುಗಳನ್ನು ಕಟ್ಟಿಡುವಂತೆ. 73 ಅಚ್ಚುಗಳಿವೆ, ಐದು ಅಚ್ಚಿಗೆ ಒಂದು ಪೊಟ್ಟಣ, ಐದು ಪೊಟ್ಟಣಕ್ಕೆ ಒಂದು ಚೀಲ ಎಂದು ಇಟ್ಟುಕೊಳ್ಳೋಣ. 73ನ್ನು ಐದರಿಂದ ಭಾಗಿಸಿದರೆ 14 ಪೊಟ್ಟಣ, ಶೇಷ 3 ಅಚ್ಚು. 14 ಪೊಟ್ಟಣವನ್ನು ಐದರಿಂದ ಭಾಗಿಸಿದರೆ 2 ಚೀಲ, ಶೇಷ 4 ಪೊಟ್ಟಣ. ಎರಡು ಚೀಲ, ನಾಲ್ಕು ಪೊಟ್ಟಣ, ಮೂರು ಅಚ್ಚು: 243. ಐದರ ಆಧಾರದಲ್ಲಿ 73ನ್ನು ಹೀಗೆ ಬರೆಯುತ್ತಾರೆ.

ಮೊದಲು ಸಿಕ್ಕ ಶೇಷ ಬಿಡಿ ಸ್ಥಾನದ್ದು, ಅದು ಬಲತುದಿಗೆ ಹೋಗಬೇಕು. ಸಿಕ್ಕ ಕ್ರಮದಲ್ಲೇ ಎಡದಿಂದ ಬರೆದು 342 ಮಾಡುವವರು ಬಹಳ. ಲೆಕ್ಕವೆಲ್ಲ ಸರಿಯಿದ್ದೂ ಬಾಗಿಲು ತೆರೆಯದಿದ್ದರೆ ಮೊದಲು ಇದನ್ನು ನೋಡಿ.

ತಿರುಗಿ ಬರುವುದು ಇನ್ನೂ ಸುಲಭ. ಎರಡು ಇಪ್ಪತ್ತೈದು ಐವತ್ತು, ನಾಲ್ಕೈದಲಿ ಇಪ್ಪತ್ತು, ಮೇಲೆ ಮೂರು. 73.

ಉರಿಯುವ, ಆರಿರುವ ದೀಪಗಳ ಸಾಲು ಬಂದರೆ?

ಅದು ದ್ವಿಮಾನ, ಎರಡರ ಆಧಾರ. ಮಂಡ್ಯ ಕಡೆಯ ಹಳೆಯ ಅಡುಗೆಮನೆಗಳಲ್ಲಿ ಅಳತೆಯ ಪಾತ್ರೆಗಳು ಸಾಲಾಗಿ ಇರುತ್ತಿದ್ದವು: ಸೇರು, ಅದರ ಅರ್ಧ ಅಚ್ಚೇರು, ಅದರ ಅರ್ಧ ಪಾವು, ಅದರ ಅರ್ಧ ಅರೆಪಾವು. ಒಂದೊಂದನ್ನು ಒಂದು ಸಲ ಮಾತ್ರ ಬಳಸಬೇಕು ಎಂದರೆ ಐದು ಅರೆಪಾವಿನಷ್ಟು ಅಕ್ಕಿಯನ್ನು ಹೇಗೆ ಅಳೆಯುತ್ತೀರಿ? ಅಚ್ಚೇರು ಒಂದು, ಪಾವು ಬೇಡ, ಅರೆಪಾವು ಒಂದು. ಬೇಕು, ಬೇಡ, ಬೇಕು. ಅದೇ 101, ಅದೇ ಐದು. ದೀಪ ಉರಿದರೆ ಬೇಕು, ಆರಿದ್ದರೆ ಬೇಡ. ಬಲದಿಂದ ಎಡಕ್ಕೆ 1, 2, 4, 8, 16 ಎಂದು ದೀಪಗಳ ಮೇಲೆ ಬೆಲೆ ಬರೆದುಕೊಂಡು, ಉರಿಯುವವನ್ನು ಮಾತ್ರ ಕೂಡಿ.

ಒಂದು ವಿಷಯದಲ್ಲಿ ಮಕ್ಕಳು ಎಡವುತ್ತಾರೆ. ಎಷ್ಟು ದೀಪ ಉರಿಯುತ್ತಿವೆ ಎನ್ನುವುದು ಬೇರೆ, ಯಾವ ದೀಪ ಉರಿಯುತ್ತಿದೆ ಎನ್ನುವುದು ಬೇರೆ. ಚೌಕಾಬಾರದ ನಾಲ್ಕು ಕವಡೆಗಳನ್ನು ನೆನೆಯಿರಿ. ಅಲ್ಲಿ ಯಾವ ಕವಡೆ ಬಾಯಿ ಮೇಲಾಗಿ ಬಿತ್ತು ಎಂದು ಯಾರೂ ಕೇಳುವುದಿಲ್ಲ. ಒಂದು, ಎರಡು, ಮೂರು, ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಕವುಚಿದರೆ ಬಾರ ಎಂದು ಎಂಟು. ಒಟ್ಟು ಐದೇ ಫಲ. ಅವೇ ಕವಡೆಗಳನ್ನು ಒಂದು ಸಾಲಿನಲ್ಲಿಟ್ಟು ಜಾಗಕ್ಕೂ ಬೆಲೆ ಕೊಟ್ಟರೆ ಹದಿನಾರು ಫಲ. ಆಟದಲ್ಲಿ ಬೀಗಕ್ಕೆ ನಾಲ್ಕು ದೀಪವಿದ್ದು, ಬೇಕಾದ ಸಂಖ್ಯೆ ಹನ್ನೊಂದು ಎಂದಾದರೆ, ಎಣಿಕೆಯಿಂದ ಅದು ಎಂದೂ ಬಾರದು, ಸ್ಥಾನಬೆಲೆ ಬೇಕೇಬೇಕು.

ಎಡದಿಂದ ಓದಬೇಕೋ, ಬಲದಿಂದಲೋ?

ಈ ಪ್ರಶ್ನೆ ನನ್ನ ಎರಡು ಸಂಜೆಗಳನ್ನು ತಿಂದಿದೆ. ಉರಿ, ಆರಿ, ಉರಿ, ಉರಿ ಎಂಬ ನಾಲ್ಕು ದೀಪಗಳು. ಎಡದಿಂದ ಓದಿ 1011, ಹನ್ನೊಂದು ಎಂದುಕೊಂಡೆ. ಬಾಗಿಲಿಗೆ ಬೇಕಾಗಿದ್ದುದು 1101, ಹದಿಮೂರು. ಆ ಗೋಡೆಯನ್ನು ನಾನು ಹಿಂಬದಿಯ ಕೋಣೆಯಿಂದ ನೋಡುತ್ತಿದ್ದೆ ಎನ್ನುವುದು ಮೂರನೆಯ ದಿನ ಹೊಳೆಯಿತು.

ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಒಂದರ ಹಿಂದೆ ಒಂದು ಬರುವ ಎರಡು ಮೂರು ಸಂಖ್ಯೆಗಳನ್ನು ಎಲ್ಲಿಂದಾದರೂ ಹುಡುಕಿ ತಂದು ಪಕ್ಕಪಕ್ಕದಲ್ಲಿ ಇಡಬೇಕು. ಪ್ರತಿ ಹೆಜ್ಜೆಗೂ ಬದಲಾಗುವ ಚಿಹ್ನೆ ಯಾವುದೋ ಅದೇ ಬಿಡಿ ಸ್ಥಾನ. ಅದು ಎಡಗಡೆಯಿರಲಿ, ಬಲಗಡೆಯಿರಲಿ, ಕೆಳಗಿರಲಿ. ನಮ್ಮಲ್ಲೇ ಅಕ್ಷರಗಳಿಂದ ಸಂಖ್ಯೆ ಬರೆಯುವ ಕಟಪಯಾದಿಯಲ್ಲಿ ಅಂಕಿಗಳು ಬಲದಿಂದ ಎಡಕ್ಕೆ ನಡೆಯುತ್ತವೆ. ಕರ್ನಾಟಕ ಸಂಗೀತದ ಮೇಳಗಳ, ಅಂದರೆ ಮೂಲ ರಾಗಗಳ, ಹೆಸರಿನ ಮೊದಲೆರಡು ಅಕ್ಷರಗಳಲ್ಲಿ ಅವುಗಳ ಕ್ರಮಸಂಖ್ಯೆ ಅಡಗಿರುತ್ತದೆ: ಧೀರಶಂಕರಾಭರಣದ ‘ಧೀ’ ಎಂದರೆ 9, ‘ರ’ ಎಂದರೆ 2, ಆದರೆ ಮೇಳದ ಸಂಖ್ಯೆ 92 ಅಲ್ಲ, 29.

ಸಂಖ್ಯೆಯ ನಡುವೆ ಇಂಗ್ಲಿಷ್ ಅಕ್ಷರ ಬಂದರೆ?

ಎ ಇಂದ ಎಫ್‌ವರೆಗಿನ ಅಕ್ಷರಗಳು ಮಾತ್ರ ಕಂಡರೆ ಹದಿನಾರರ ಆಧಾರವಿರಬಹುದು. ಎ ಹತ್ತು, ಎಫ್ ಹದಿನೈದು. 2ಎಫ್ ಎಂದರೆ ಎರಡು ಹದಿನಾರು, ಮೇಲೆ ಹದಿನೈದು, ಒಟ್ಟು 47. ಎರಡು ರೂಪಾಯಿ ಹದಿನೈದಾಣೆಯನ್ನು ಆಣೆಗೆ ಇಳಿಸಿದಂತೆ. ಇಂಥ ಸಂಖ್ಯೆಗಳ ಹಿಂದೆ ಕೆಲವೊಮ್ಮೆ ಪದ ಅಡಗಿರುತ್ತದೆ, ಏಕೆಂದರೆ ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ಇಂಗ್ಲಿಷಿನ ದೊಡ್ಡ ಎ ಅಕ್ಷರಕ್ಕೆ 65, ಹದಿನಾರರಲ್ಲಿ 41. ಯೂನಿಕೋಡಿನಲ್ಲಿ ನಮ್ಮ ‘ಅ’ಕಾರಕ್ಕೆ 3205, ಹದಿನಾರರಲ್ಲಿ ಸಿ85.

ಚುಕ್ಕಿ ಮತ್ತು ಪಟ್ಟಿಗಳ ಅಂಕಿ ಕಂಡಿತು. ಅದೇನು?

ಕಾಡಿನ ನಡುವಿನ ಹಾಳು ದೇಗುಲ ಇರುವ ಆಟವಾದರೆ ಅದು ಬಹುಶಃ ಮಧ್ಯ ಅಮೆರಿಕದ ಮಾಯಾ ಜನರ ಅಂಕಿ. ಚುಕ್ಕಿ ಒಂದು, ಪಟ್ಟಿ ಐದು, ಚಿಪ್ಪಿನ ಚಿತ್ರ ಸೊನ್ನೆ. ಆಧಾರ ಇಪ್ಪತ್ತು. ಸ್ಥಾನಗಳು ಕೆಳಗಿನಿಂದ ಮೇಲಕ್ಕೆ ಏರುತ್ತವೆ, ಬಿಡಿ ಸ್ಥಾನ ತಳದಲ್ಲಿ. ದಿನಗಳ ಲೆಕ್ಕವಾದರೆ ಮಾತ್ರ ಎಚ್ಚರ: ಅಲ್ಲಿ ಎರಡನೆಯ ಸ್ಥಾನ ಹದಿನೆಂಟಕ್ಕೇ ಹೊರಳುತ್ತದೆ, ಹಾಗಾಗಿ ಮೂರನೆಯ ಸ್ಥಾನದ ಬೆಲೆ 400 ಅಲ್ಲ, 360.

ತಕ್ಕಡಿಯ ಒಗಟು ಇದೇ ಗುಂಪಿಗೆ ಸೇರುತ್ತದೆಯೇ?

ಸೇರುತ್ತದೆ. 1, 3, 9, 27ರ ನಾಲ್ಕು ಬೊಟ್ಟುಗಳನ್ನು ಎರಡೂ ತಟ್ಟೆಗಳಲ್ಲಿ ಇಡಲು ಬಿಟ್ಟರೆ 1ರಿಂದ 40ರವರೆಗೆ ಯಾವ ತೂಕವನ್ನಾದರೂ ತೂಗಬಹುದು. ಐದು ಬೇಕಾದರೆ ಒಂದು ಕಡೆ 9, ವಸ್ತುವಿನ ಕಡೆ 3 ಮತ್ತು 1. ಇದು ಮೂರರ ಆಧಾರ. ಕಳೆಯಲೂ ಅವಕಾಶವಿದೆ ಎನ್ನುವುದಷ್ಟೇ ವ್ಯತ್ಯಾಸ.

ಮೊಬೈಲ್ ಅಥವಾ ಕಂಪ್ಯೂಟರಿನಲ್ಲೇ ಲೆಕ್ಕ ಮಾಡಿದರೆ ತಪ್ಪೇ?

ತಪ್ಪಿಲ್ಲ. ವಿಂಡೋಸ್ ಕ್ಯಾಲ್ಕುಲೇಟರಿನ ಪ್ರೋಗ್ರಾಮರ್ ವಿಭಾಗದಲ್ಲಿ ಎರಡು, ಎಂಟು, ಹತ್ತು, ಹದಿನಾರರ ಆಧಾರಗಳಿವೆ. ಐದೋ ಹನ್ನೆರಡೋ ಬೇಕಾದರೆ ಎಕ್ಸೆಲ್‌ನ ಬೇಸ್, ಡೆಸಿಮಲ್ ಎಂಬ ಸೂತ್ರಗಳು 2ರಿಂದ 36ರವರೆಗಿನ ಆಧಾರಗಳಿಗೆ ಉತ್ತರ ಕೊಡುತ್ತವೆ. ಹತ್ತು ಅಂಕಿ, ಇಪ್ಪತ್ತಾರು ಅಕ್ಷರ ಮುಗಿದ ಮೇಲೆ ಅವುಗಳ ಬಳಿ ಚಿಹ್ನೆ ಇಲ್ಲ. ಆದರೆ ಆಧಾರ ಯಾವುದು, ಯಾವ ಕಡೆಯಿಂದ ಓದಬೇಕು ಎಂದು ಯಂತ್ರ ಹೇಳುವುದಿಲ್ಲ. ಅದಕ್ಕೇ ನಮ್ಮಲ್ಲಿ ಚೌಕುಳಿ ಹಾಳೆಯ ಒಂದು ನೋಟ್‌ಬುಕ್ ಮೊದಲು ತೆರೆಯುತ್ತದೆ. ಕಂಡ ಚಿಹ್ನೆಯನ್ನು ಕೈಯಿಂದ ಬರೆದುಕೊಂಡಾಗ ಅದರ ಗೆರೆಗಳು ಎಲ್ಲಿ ಸೇರುತ್ತವೆ ಎನ್ನುವುದು ಬೆರಳಿಗೇ ತಿಳಿಯುತ್ತದೆ. ಪರದೆಯ ಚಿತ್ರ ಹಿಡಿದಿಟ್ಟುಕೊಂಡವರಿಗೆ ಅದು ತಪ್ಪಿಹೋಗುತ್ತದೆ.

ಎಲ್ಲ ಸರಿಯಿದೆ, ಆದರೂ ಒಂದು ಅಂಕಿಯಷ್ಟು ವ್ಯತ್ಯಾಸ ಬರುತ್ತಿದೆ. ಏಕೆ?

ಆಟ ಸೊನ್ನೆಯಿಂದ ಎಣಿಸುತ್ತಿದೆ, ನೀವು ಒಂದರಿಂದ. ಬಿಲ್ಲೆಯ ಮೊದಲ ಗುರುತಿಗೆ 0 ಬೆಲೆ ಕೊಟ್ಟು ಮತ್ತೊಮ್ಮೆ ನೋಡಿ.

ಉತ್ತರವನ್ನು ಬೇರೆಯವರಿಂದ ಕೇಳಿ ತಿಳಿಯಬಹುದೇ?

ಒಂದು ವಾರ ಕಾದು ನೋಡಿ ಎನ್ನುತ್ತೇನೆ. ಆಮೇಲೂ ಕೇಳಲೇಬೇಕೆನಿಸಿದರೆ ಸಂಕೇತವನ್ನು ಕೇಳಬೇಡಿ. ‘ಎಣಿಕೆ ಹೊರಳುವುದು ಯಾವ ಕೋಣೆಯಲ್ಲಿ ಕಾಣುತ್ತದೆ?’ ಎಂದು ಕೇಳಿ. ಅಷ್ಟು ಸುಳಿವು ಸಾಕಾಗುತ್ತದೆ, ಉಳಿದ ಸಂತೋಷ ನಿಮ್ಮದಾಗಿಯೇ ಉಳಿಯುತ್ತದೆ.

ಎಷ್ಟನೇ ತರಗತಿಯಿಂದ ಆಡಿಸಬಹುದು?

ಭಾಗಾಕಾರದಲ್ಲಿ ಶೇಷ ಎಂದರೇನೆಂದು ತಿಳಿದ ಮಗು ಆಡಬಹುದು. ನಮ್ಮಲ್ಲಿ ಐದನೇ ತರಗತಿಯವರಿದ್ದಾರೆ.

ನಾವೇ ಇಂಥ ಒಗಟೊಂದನ್ನು ಕಟ್ಟಬಹುದೇ?

ಖಂಡಿತ ಕಟ್ಟಿ. ಮೈಸೂರಿಗೆ ಒಗಟು ಕಟ್ಟುವುದು ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ನಡೆಗಳನ್ನು ರಚಿಸಿದವರು.

ಮೈಸೂರಿನಿಂದ ಬರುವ ವಿದ್ಯಾರ್ಥಿನಿಯರಲ್ಲಿ ಒಬ್ಬಳು ವೀಣೆ ಕಲಿಯುತ್ತಾಳೆ. ಕಳೆದ ಬೇಸಿಗೆಯಲ್ಲಿ ಅವಳು ರಟ್ಟಿನ ಡಬ್ಬಿಗೆ ಮೂರು ಬಿಲ್ಲೆಗಳನ್ನು ಅಂಟಿಸಿ ಒಂದು ಬೀಗ ಮಾಡಿದಳು. ಮೊದಲ ಬಿಲ್ಲೆಯಲ್ಲಿ 0 ಮತ್ತು 1 ಮಾತ್ರ. ಉಳಿದೆರಡರಲ್ಲಿ 0ಯಿಂದ 5. ಎರಡು, ಆರು, ಆರು ಗುಣಿಸಿದರೆ 72. ಕರ್ನಾಟಕ ಸಂಗೀತದ ಮೇಳಕರ್ತ ರಾಗಗಳು ಎಷ್ಟೋ ಅಷ್ಟು. ಸುಳಿವು ಎಂದು ಬರೆದಿದ್ದುದು ಒಂದೇ ಪದ: ಮೇಚಕಲ್ಯಾಣಿ.

ಮಕ್ಕಳು ಕಟಪಯಾದಿಯ ಪಟ್ಟಿ ತೆಗೆದರು. ಮ ಐದು, ಚ ಆರು, ತಿರುಗಿಸಿದರೆ 65. ಬಿಲ್ಲೆ ಸೊನ್ನೆಯಿಂದ ಶುರುವಾಗುವುದರಿಂದ ಒಂದು ಕಳೆದು 64. ಅದರಲ್ಲಿ 36 ಒಂದು ಸಲ, ಉಳಿದದ್ದು 28. ಅದರಲ್ಲಿ ಆರು ನಾಲ್ಕು ಸಲ, ಶೇಷ ನಾಲ್ಕು. 1, 4, 4. ಡಬ್ಬಿ ತೆರೆಯಿತು, ಒಳಗೆ ಕೊಬ್ಬರಿ ಮಿಠಾಯಿ ಇತ್ತು.

ಅಷ್ಟರಲ್ಲಿ ಒಬ್ಬ ಹುಡುಗ ಶಂಕರಾಭರಣದ 29ನ್ನೂ ಹಾಗೇ ಮಾಡಿ ನೋಡಿದ. 0, 4, 4 ಬಂತು. ಮೊದಲ ಬಿಲ್ಲೆ ಮಾತ್ರ ಬೇರೆ. ಅವಳು ವೀಣೆ ತೆಗೆದು ಎರಡೂ ರಾಗಗಳ ಆರೋಹಣ ನುಡಿಸಿದಳು: ಶುದ್ಧ ಮಧ್ಯಮದಿಂದ ಒಮ್ಮೆ, ಪ್ರತಿ ಮಧ್ಯಮದಿಂದ ಒಮ್ಮೆ, ಉಳಿದ ಸ್ವರಗಳೆಲ್ಲ ಅವೇ. ಹುಡುಗ ಮೊದಲ ಬಿಲ್ಲೆಯನ್ನು 0ಗೂ 1ಗೂ ತಿರುಗಿಸುತ್ತ, ಇನ್ನೊಮ್ಮೆ ನುಡಿಸಿ ಅಕ್ಕ ಎಂದು ಕೇಳುತ್ತಲೇ ಇದ್ದ.